ಆಟ ನಮ್ಮದಾದರೆ ಸಾಕೆ, ಅಂಗಡಿ ಯಾರದು?

ಚನ್ನಪಟ್ಟಣದ ಬೊಂಬೆ ಲೋಕಕ್ಕೆಲ್ಲ ಗೊತ್ತು. ಆದರೆ ಒಂದು ಬೊಂಬೆಯ ಬೆಲೆಯಲ್ಲಿ ಅದನ್ನು ಮಾಡಿದ ಕೈಗೆ ಎಷ್ಟು ಬಂತು ಎನ್ನುವುದು ಬೊಂಬೆಯ ಅಂದದ ಮೇಲಷ್ಟೇ ನಿಂತಿಲ್ಲ. ಅದು ಯಾರ ಅಂಗಡಿಯಲ್ಲಿ, ಎಷ್ಟು ಕೈ ದಾಟಿ ಮಾರಾಟವಾಯಿತು ಎನ್ನುವುದೂ ಅಷ್ಟೇ ಮುಖ್ಯ. ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವವರ ಮನೆಗಳಲ್ಲಿ ಇದು ತಲೆಮಾರುಗಳಿಂದ ಗೊತ್ತಿರುವ ಸತ್ಯ. ಕಂಪ್ಯೂಟರ್ ಗೇಮ್ ಆಡುವ, ಗೇಮ್ ಮಾಡುವ ಕೆಲಸ ಹುಡುಕುವ ನಮ್ಮ ತಲೆಮಾರಿಗೆ ಮಾತ್ರ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕೂ ಊರುಗಳ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂತು. ಹೆಸರು ಹತ್ತಿರವಾದರೂ ಕೆಲಸ ಹತ್ತಿರವಾಗಿಲ್ಲ. ಬೆಳಗಿನ ರೈಲು, ಬಸ್ಸು ಹಿಡಿದು ರಾಜಧಾನಿಗೆ ಹೋಗುವ ಹುಡುಗರ ಬಾಯಲ್ಲಿ ಈಗ ‘ಗೇಮಿಂಗ್‌ನಲ್ಲಿ ಸ್ಕೋಪ್ ಇದೆಯಂತೆ’ ಎಂಬ ಮಾತು ಕೇಳುತ್ತದೆ. ಸ್ಕೋಪ್ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಗೇಮ್ ಹೇಗೆ ಮಾರಾಟವಾಗುತ್ತದೆ, ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂಬುದು ಗೊತ್ತಿರಬೇಕು.

ಡಬ್ಬಿಯಿಂದ ಡೌನ್‌ಲೋಡ್‌ಗೆ

ಇಪ್ಪತ್ತು ವರ್ಷಗಳ ಹಿಂದೆ ಪಿಸಿ ಗೇಮ್ ಎಂದರೆ ಡಬ್ಬಿಯೊಳಗಿನ ಸಿ.ಡಿ. ಅಸಲಿ ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ನಕಲಿ ಬೇಕೆಂದರೆ ಊರಿನ ಸೈಬರ್ ಕೆಫೆಯಲ್ಲೋ ಗೆಳೆಯನ ಪೆನ್‌ಡ್ರೈವ್‌ನಲ್ಲೋ ಸಿಗುತ್ತಿತ್ತು. ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ‘ಸ್ಟೀಮ್’ ಎಂಬ ಆನ್‌ಲೈನ್ ವ್ಯವಸ್ಥೆ ಆರಂಭಿಸಿತು. ಮರುವರ್ಷ ಬಂದ ‘ಹಾಫ್-ಲೈಫ್ 2’ ಆಟವನ್ನು ಡಬ್ಬಿಯಲ್ಲಿ ಕೊಂಡವರೂ ಸ್ಟೀಮ್ ಖಾತೆ ತೆರೆಯದೆ ಆಡುವಂತಿರಲಿಲ್ಲ. ಆಗ ಬೈಸಿಕೊಂಡಿದ್ದ ಆ ಪದ್ಧತಿ ಇಂದು ಇಡೀ ಉದ್ಯಮದ ಪದ್ಧತಿಯಾಗಿದೆ. 2025ರ ಮಾರ್ಚ್‌ನಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಮಂದಿ ಸ್ಟೀಮ್‌ನಲ್ಲಿದ್ದರು.

ನಮಗೆ ಇದರಿಂದ ಲಾಭವಾಗಿದೆ ಎಂಬುದನ್ನು ಒಪ್ಪಲೇಬೇಕು. 2015ರಲ್ಲಿ ಸ್ಟೀಮ್ ಅಂಗಡಿಯಲ್ಲಿ ರೂಪಾಯಿ ಬೆಲೆ ಬಂತು. ಯುಪಿಐ ಬಂದಮೇಲೆ ಕ್ರೆಡಿಟ್ ಕಾರ್ಡ್ ಇಲ್ಲದ ಕಾಲೇಜು ಹುಡುಗನೂ ಅಸಲಿ ಆಟ ಕೊಳ್ಳುವಂತಾಯಿತು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಬ್ಬದ ರಿಯಾಯಿತಿಯಂತೆ ವರ್ಷಕ್ಕೆ ಹಲವು ಬಾರಿ ನಡೆಯುವ ಸೇಲ್‌ಗಳಲ್ಲಿ ಸಾವಿರದ ಆಟ ಇನ್ನೂರಕ್ಕೆ ಸಿಗುವುದುಂಟು. ನಕಲು ಎನ್ನುವುದು ಬೆಲೆಗಿಂತ ಹೆಚ್ಚಾಗಿ ಸೇವೆಯ ಸಮಸ್ಯೆ ಎಂದು ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಹೇಳಿದ್ದರು. ಅಸಲಿಯನ್ನು ಕೊಳ್ಳುವುದು ನಕಲಿಯನ್ನು ಹುಡುಕುವುದಕ್ಕಿಂತ ಸುಲಭವಾದರೆ ಜನ ಕೊಳ್ಳುತ್ತಾರೆ ಎಂಬ ಅವರ ಲೆಕ್ಕ ಬಹುಮಟ್ಟಿಗೆ ನಿಜವಾಗಿದೆ.

ಆದರೆ ಅಂಗಡಿ ಮನೆಗೆ ಬಂದರೂ ಬಾಗಿಲು ಎಲ್ಲರಿಗೂ ಒಂದೇ ಅಗಲ ಇಲ್ಲ. 2024ರಲ್ಲಿ ಜಗತ್ತೇ ಮಾತಾಡಿದ ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ ಆಟಕ್ಕೆ ಕಂಪ್ಯೂಟರ್‌ನಲ್ಲಿ 130 ಜಿಬಿ ಜಾಗ ಬೇಕು. ಅಷ್ಟನ್ನೂ ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳಲು ಹೊರಟರೆ 65 ದಿನ. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಫೈಬರ್ ಇದ್ದರೆ ಏಳೂವರೆ ಗಂಟೆಯೊಳಗೆ ಮುಗಿಯುತ್ತದೆ, ಅದೂ ಕರೆಂಟ್ ಕೈಕೊಡದಿದ್ದರೆ. ಪೇಟೆಯ ಹುಡುಗನಿಗೂ ಮೊಬೈಲ್ ಡೇಟಾವನ್ನೇ ನಂಬಿರುವ ಹಳ್ಳಿಯ ಹುಡುಗನಿಗೂ ಇರುವ ಅಂತರ ಇದು.

ಯಂತ್ರದ ಖರ್ಚು ಬೇರೆ. 2024ರ ಜನವರಿಯಿಂದ ವಿಂಡೋಸ್ 7 ಇರುವ ಕಂಪ್ಯೂಟರ್‌ಗಳಿಗೆ ಸ್ಟೀಮ್ ಬೆಂಬಲ ನಿಲ್ಲಿಸಿತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನೂ ನಿಲ್ಲಿಸಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಎ.ಐ. ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿತು. ಬಿಡಿ ಗ್ರಾಹಕರಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯವಹಾರವನ್ನೇ ಬಿಡುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಪಿಸಿ ಕಟ್ಟಿಸುವ ಹುಡುಗನಿಗೆ ದೂರದ ಈ ಸುದ್ದಿ ನೇರವಾಗಿ ಬಿಲ್ಲಿನಲ್ಲಿ ಕಾಣಿಸುತ್ತದೆ.

ಕೊಂಡದ್ದು ವಸ್ತುವೋ, ಅನುಮತಿಯೋ?

ಅಪ್ಪ ಕೊಡಿಸಿದ ಮರದ ಬೊಂಬೆಯನ್ನು ತಂಗಿಗೆ ಕೊಡಬಹುದು, ಮಾರಬಹುದು, ಅಟ್ಟದ ಮೇಲಿಟ್ಟು ಮೊಮ್ಮಕ್ಕಳಿಗೂ ತೋರಿಸಬಹುದು. ಬೊಂಬೆ ಮಾರಿದ ಅಂಗಡಿ ಮುಚ್ಚಿದರೂ ಬೊಂಬೆ ಮನೆಯಲ್ಲೇ ಇರುತ್ತದೆ. ಡಿಜಿಟಲ್ ಅಂಗಡಿಯಲ್ಲಿ ‘ಬೈ’ ಬಟನ್ ಒತ್ತಿ ಕೊಂಡ ಆಟಕ್ಕೆ ಈ ಗುಣ ಯಾವುದೂ ಇಲ್ಲ. ನಮಗೆ ಸಿಗುವುದು ಆಡಲು ಒಂದು ಅನುಮತಿ, ಅಂದರೆ ಲೈಸೆನ್ಸ್, ಅಷ್ಟೇ.

ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟ 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. 2024ರ ಮಾರ್ಚ್ 31ಕ್ಕೆ ಕಂಪನಿ ಅದರ ಸರ್ವರ್ ನಿಲ್ಲಿಸಿತು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿದ್ದುದರಿಂದ ಪೂರ್ತಿ ದುಡ್ಡು ಕೊಟ್ಟು ಕೊಂಡವರ ಬಳಿ ಏನೂ ಉಳಿಯಲಿಲ್ಲ. ಇದರಿಂದ ಸಿಟ್ಟಾದ ಆಟಗಾರರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಕಟ್ಟಿದರು. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ಅವರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಮಾರುತ್ತಿರುವುದು ಲೈಸೆನ್ಸ್ ಮಾತ್ರ ಎಂದಾದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು ಎಂಬ ಕಾನೂನನ್ನು 2025ರ ಜನವರಿ 1ರಿಂದ ಜಾರಿಗೆ ತಂದಿತು. ಅದಕ್ಕೂ ಮುನ್ನವೇ ಸ್ಟೀಮ್ ತನ್ನ ಪಾವತಿ ಪುಟದಲ್ಲಿ ಆ ಸೂಚನೆ ಹಾಕಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ಕಾಮರ್ಸ್ ಎಂಬ ಪದದ ವ್ಯಾಖ್ಯಾನದೊಳಗೆ ಡಿಜಿಟಲ್ ಉತ್ಪನ್ನಗಳನ್ನೂ ಸೇರಿಸಿದೆ. ಅಂದರೆ ಬಾಗಿಲು ಇದೆ, ತಟ್ಟುವವರು ಬೇಕು. ಕಾನೂನು ಓದುವ ಗೆಳೆಯರು ಇದನ್ನು ಗಮನಿಸಬೇಕು. ಸದ್ಯಕ್ಕೆ ಕೊಳ್ಳುವವರ ಕೈಯಲ್ಲಿರುವ ಒಂದು ಉಪಾಯವೆಂದರೆ, ‘ಗಾಗ್’ನಂಥ ಅಂಗಡಿಗಳನ್ನು ನೋಡುವುದು. 2008ರಲ್ಲಿ ಪೋಲೆಂಡ್‌ನವರು ಆರಂಭಿಸಿದ ಈ ಅಂಗಡಿ ಬೀಗವಿಲ್ಲದ ಪ್ರತಿ ಕೊಡುತ್ತದೆ. ಇಳಿಸಿಕೊಂಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಆ ಪ್ರತಿ ನಮ್ಮ ಬಳಿಯೇ ಇರುತ್ತದೆ.

ಮಾಡುವವರ ಲೆಕ್ಕ

ಈಗ ಕೌಂಟರಿನ ಆಚೆ ಬದಿಗೆ ಬರೋಣ. ನೀವು ಮತ್ತು ನಿಮ್ಮ ಗೆಳೆಯ ಸೇರಿ ಒಂದು ಆಟ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಸ್ಟೀಮ್‌ನಲ್ಲಿ ಇಡಲು 100 ಡಾಲರ್ ಶುಲ್ಕ. ಆಟ 1,000 ಡಾಲರ್ ಗಳಿಸಿದರೆ ಆ ಶುಲ್ಕ ವಾಪಸ್ ಬರುತ್ತದೆ. 2017ರಲ್ಲಿ ಬಂದ ಈ ಪದ್ಧತಿಯಿಂದ ಮಾಗಡಿಯ ಹುಡುಗಿ ಮಾಡಿದ ಆಟವೂ ಅಮೆರಿಕದ ದೊಡ್ಡ ಕಂಪನಿಯ ಆಟವೂ ಒಂದೇ ಅಂಗಡಿಯಲ್ಲಿ ಕೂರಬಹುದು. ಯಾರ ಶಿಫಾರಸೂ ಬೇಡ. ಇದು ಸಣ್ಣ ಮಾತಲ್ಲ.

ಆದರೆ ಮಾರಾಟದ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತು ಅಂಗಡಿಗೆ. ಇಬ್ಬರೂ ತಿಂಗಳಿಗೆ ತಲಾ 20 ಸಾವಿರದಂತೆ ಒಂದು ವರ್ಷ ಬದುಕಬೇಕಾದರೆ 4 ಲಕ್ಷ 80 ಸಾವಿರ ಬೇಕು. ಆಟದ ಬೆಲೆ 500 ರೂಪಾಯಿ ಎಂದರೆ ಅಂಗಡಿ ಪಾಲು ಕಳೆದು 350 ಉಳಿಯುತ್ತದೆ. ತೆರಿಗೆ, ವಾಪಸಾತಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ ಸುಮಾರು 1,370 ಪ್ರತಿ ಮಾರಬೇಕು. ಹೆಚ್ಚಿನವರು ಸೇಲ್ ಬರಲಿ ಎಂದೇ ಕಾಯುತ್ತಾರೆ. ಅರ್ಧ ಬೆಲೆಗೆ ಮಾರಿದರೆ 175 ಉಳಿದು, 2,740ರಷ್ಟು ಪ್ರತಿ ಮಾರಬೇಕಾಗುತ್ತದೆ. ಕಂಪ್ಯೂಟರ್, ಕರೆಂಟ್, ಸಂಗೀತ, ಜಾಹೀರಾತಿನ ಖರ್ಚು ಇದರಲ್ಲಿ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. 2018ರಿಂದ ಸ್ಟೀಮ್ ದೊಡ್ಡ ಮಾರಾಟಗಾರರಿಗೆ ಪಾಲು ಕಡಿಮೆ ಮಾಡಿತು. 1 ಕೋಟಿ ಡಾಲರ್ ದಾಟಿದ ಮೇಲಿನ ಗಳಿಕೆಗೆ ಶೇ 25, 5 ಕೋಟಿ ಡಾಲರ್ ದಾಟಿದ ಮೇಲಿನದಕ್ಕೆ ಶೇ 20. ಅಂದರೆ ಬಡವನಿಂದ ಮೂವತ್ತು, ಶ್ರೀಮಂತನಿಂದ ಇಪ್ಪತ್ತು. ಅದೇ ವರ್ಷ ಬಂದ ಎಪಿಕ್ ಅಂಗಡಿ ಶೇ 12 ಮಾತ್ರ ತೆಗೆದುಕೊಳ್ಳುತ್ತದೆ. 2025ರ ಜೂನ್‌ನಿಂದ ಪ್ರತಿ ಆಟದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಅದೂ ಇಲ್ಲ. ‘ಇಚ್’ ಎಂಬ ಅಂಗಡಿಯಲ್ಲಿ ಎಷ್ಟು ಪಾಲು ಕೊಡಬೇಕೆಂದು ಆಟ ಮಾಡಿದವರೇ ನಿರ್ಧರಿಸಬಹುದು. ಹಾಗಿದ್ದರೂ ಎಲ್ಲರೂ ಸ್ಟೀಮ್‌ಗೇ ಏಕೆ ಹೋಗುತ್ತಾರೆ? ಜನ ಇರುವುದು ಅಲ್ಲಿ. ಸಂತೆ ಎಲ್ಲಿ ನೆರೆಯುತ್ತದೋ ಅಲ್ಲೇ ಗಾಡಿ ನಿಲ್ಲಿಸಬೇಕು. ಪಾವತಿ, ಡೌನ್‌ಲೋಡ್, ವಾಪಸಾತಿ, ಅಪ್‌ಡೇಟ್ ಎಲ್ಲವನ್ನೂ ತಾನೇ ನೋಡಿಕೊಳ್ಳುವುದರಿಂದ ಮೂವತ್ತು ನ್ಯಾಯವೇ ಎಂದು ವಾದಿಸುವವರೂ ಇದ್ದಾರೆ.

ಆದರೆ ಆ ಸಂತೆಯಲ್ಲಿ 2024ರ ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ದಿನಕ್ಕೆ ಸುಮಾರು 50. ಹಿಂದೆ ಅಂಗಡಿಯ ಕಪಾಟಿನಲ್ಲಿ ಜಾಗ ಸಿಗುವುದೇ ಕಷ್ಟವಿತ್ತು. ಈಗ ಜಾಗ ಸುಲಭವಾಗಿ ಸಿಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಆಟವನ್ನು ಮುಂದೆ ತೋರಿಸಬೇಕು, ಯಾವುದನ್ನು ಹಿಂದಕ್ಕೆ ತಳ್ಳಬೇಕು ಎಂಬುದನ್ನು ಅಂಗಡಿಯ ತಂತ್ರಾಂಶ ನಿರ್ಧರಿಸುತ್ತದೆ.

ಗೂಡು ಮಾರುಕಟ್ಟೆ ಹೇಳುವ ಪಾಠ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ನೋಡಿದವರಿಗೆ ಒಂದು ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅಲ್ಲಿ ಗೂಡು ತರುವವರು ರೈತರು, ಕೊಳ್ಳುವವರು ರೀಲರ್‌ಗಳು. ಮಾರುಕಟ್ಟೆ ಮಾತ್ರ ಈ ಇಬ್ಬರಲ್ಲಿ ಯಾರದೂ ಅಲ್ಲ, ಸರ್ಕಾರದ್ದು. ಗೂಡಿನ ವ್ಯಾಪಾರಕ್ಕೆ ನಿಯಮ ಕಟ್ಟಲು 1959ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂತು. ಇಂದು ಇ-ಹರಾಜು ನಡೆಯುತ್ತದೆ. ಅಲ್ಲಿ ದೂರುಗಳೇ ಇಲ್ಲ ಎಂದಲ್ಲ. ಬೆಲೆ ಬಿದ್ದ ದಿನ ರೈತರು ರಸ್ತೆಗಿಳಿದದ್ದೂ ಇದೆ. ಆದರೆ ದೂರು ಹೇಳಲು ಒಂದು ಕಚೇರಿ, ಒಬ್ಬ ಅಧಿಕಾರಿ, ಒಂದು ಕಾನೂನು ಇದೆ.

ಡಿಜಿಟಲ್ ಅಂಗಡಿಯಲ್ಲಿ ಜಾಗದ ಮಾಲೀಕ, ತೂಕ ಹಾಕುವವನು, ನಿಯಮ ಬರೆಯುವವನು, ಜಗಳ ಬಿಡಿಸುವವನು ಎಲ್ಲ ಒಬ್ಬನೇ. ಎಷ್ಟೋ ಕಡೆ ಅವನೂ ಅದೇ ಅಂಗಡಿಯಲ್ಲಿ ಸ್ವಂತ ಸರಕು ಮಾರುತ್ತಾನೆ. ಇದನ್ನು ಪ್ರಶ್ನಿಸುವ ಕೆಲಸ ಈಗಷ್ಟೇ ಶುರುವಾಗಿದೆ. ಬೇರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಾರದಂತೆ ವಾಲ್ವ್ ತಡೆಯುತ್ತದೆ ಎಂದು ಆರೋಪಿಸಿ ವುಲ್ಫೈರ್ ಗೇಮ್ಸ್ ಎಂಬ ಸಣ್ಣ ಕಂಪನಿ 2021ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿತು. ವಾಲ್ವ್ ಆರೋಪವನ್ನು ಅಲ್ಲಗಳೆದಿದೆ. ನಮ್ಮ ದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 2022ರ ಅಕ್ಟೋಬರ್‌ನಲ್ಲಿ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ದಂಡದ ಮೊತ್ತ ಬಹಳಷ್ಟು ಇಳಿದರೂ, ಮೊಬೈಲ್ ಅಂಗಡಿಯ ಮಾಲೀಕನನ್ನು ಕೇಳುವವರಿದ್ದಾರೆ ಎಂಬುದು ಗೊತ್ತಾಯಿತು. ಪಿಸಿ ಅಂಗಡಿಗಳ ಬಗ್ಗೆ ಅಂಥ ಚರ್ಚೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ನಡೆದಿಲ್ಲ.

ಬೆಂಗಳೂರಿನ ಕೆಲಸ ಎಂಥದ್ದು?

ಉದ್ಯೋಗ ಹುಡುಕುವವರು ಇನ್ನೊಂದು ಗೊಂದಲದಿಂದ ಹೊರಬರಬೇಕು. ನಮ್ಮ ಮನೆಗಳಲ್ಲಿ ‘ಗೇಮಿಂಗ್’ ಎಂದರೆ ಮೊಬೈಲ್ ರಮ್ಮಿ ಎಂದೇ ಅರ್ಥ. ದುಡ್ಡು ಕಟ್ಟಿ ಆಡುವ ಆಟಗಳಿಗೂ ದುಡ್ಡು ಕೊಟ್ಟು ಕೊಂಡು ಆಡುವ ಆಟಗಳಿಗೂ ಅಜಗಜಾಂತರ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗೆರೆಯನ್ನು ಎಳೆದಿದೆ. ಹಣ ಪಣಕ್ಕಿಡುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳಿಗೆ ಪ್ರೋತ್ಸಾಹ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಸೇರಿ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನಗೆ ವರ್ಗಾಯಿಸಿಕೊಂಡಿದೆ. ಆದರೆ ಪೆಟ್ಟು ಮೊದಲು ಬಿದ್ದದ್ದು ನೌಕರರಿಗೆ. ಬೆಂಗಳೂರಿನ ಎಂಪಿಎಲ್ ಕಂಪನಿ ಭಾರತದ ತನ್ನ ಸಿಬ್ಬಂದಿಯಲ್ಲಿ ಶೇ 60ರಷ್ಟು ಮಂದಿಯನ್ನು ತೆಗೆಯಲಿದೆ ಎಂದು ಕಾಯ್ದೆ ಬಂದ ಕೆಲವೇ ದಿನಗಳಲ್ಲಿ ವರದಿಯಾಯಿತು. ಕಂಪನಿಯ ಹೆಸರಿನಲ್ಲಿ ‘ಗೇಮಿಂಗ್’ ಇದ್ದಾಕ್ಷಣ ಸೇರುವ ಮೊದಲು ಅದರ ಆದಾಯ ಎಲ್ಲಿಂದ ಬರುತ್ತದೆ ಎಂದು ಕೇಳಬೇಕಾದುದು ಇದಕ್ಕೇ.

ಪಣದ ಆಟ ಬಿಟ್ಟರೆ ಬೆಂಗಳೂರಿನ ಗೇಮ್ ಕೆಲಸದ ಕಥೆಯನ್ನು ಒಂದೇ ಕಂಪನಿಯ ಮೂಲಕ ಹೇಳಬಹುದು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ‘ಫೋರ್ಜಾ’ದಂಥ ವಿದೇಶಿ ಆಟಗಳಿಗೆ ಅದು ಚಿತ್ರಕೆಲಸ ಮಾಡಿಕೊಟ್ಟಿತು. ಮುಂದೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2019ರಲ್ಲಿ ‘ಜಿಟಿಎ’ ಆಟಗಳ ರಾಕ್‌ಸ್ಟಾರ್ ಕಂಪನಿ ಅದನ್ನು 79 ಲಕ್ಷ ಡಾಲರ್‌ಗೆ ಖರೀದಿಸಿ ತನ್ನ ಬೆಂಗಳೂರು ಘಟಕಕ್ಕೆ ಸೇರಿಸಿಕೊಂಡಿತು. ರಾಕ್‌ಸ್ಟಾರ್‌ನ ‘ಜಿಟಿಎ 5’ ಒಂದೇ ಆಟ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಎರಡು ದಶಕದ ಕೌಶಲಕ್ಕೆ ಸಿಕ್ಕ ಬೆಲೆಯನ್ನೂ ಒಂದು ಆಟದ ಮಾರಾಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಸಂಬಳ ನಮ್ಮ ಊರಿಗೆ ಬಂತು, ಆಟದ ಒಡೆತನ ಬರಲಿಲ್ಲ. ಸಂಬಳದ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಮನೆ ನಡೆಯುವುದು ಅದರಿಂದಲೇ. ಆದರೆ ಸಂಬಳವೂ ಒಡೆತನವೂ ಒಂದೇ ಅಲ್ಲ ಎಂಬುದು ತಿಳಿದಿರಲಿ.

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2024–29ರ ಹೊಸ ನೀತಿ 30 ಸಾವಿರ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಆ 30 ಸಾವಿರದಲ್ಲಿ ನಮ್ಮ ನಾಲ್ಕು ಊರಿನ ಪಾಲೆಷ್ಟು? ಆ ಕೆಲಸಗಳಲ್ಲಿ ಬೇರೆಯವರ ಆಟಕ್ಕೆ ಬಣ್ಣ ಹಚ್ಚುವುದೆಷ್ಟು, ನಮ್ಮದೇ ಆಟ ಮಾಡುವುದೆಷ್ಟು? ಪ್ರತಿನಿಧಿಗಳು ಕಾಲೇಜು ಸಮಾರಂಭಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆಗಳಿವು.

ನಾವೇನು ಮಾಡಬಹುದು?

ಮೊದಲನೆಯದು, ಸಾಲ ಮಾಡಿ ಲಕ್ಷಗಟ್ಟಲೆ ಶುಲ್ಕದ ಗೇಮಿಂಗ್ ಕೋರ್ಸ್ ಸೇರುವ ಮುನ್ನ ಒಂದು ಸಣ್ಣ ಆಟವನ್ನು ನೀವೇ ಮಾಡಿ ನೋಡಿ. ಗೋಡೋ, ಬ್ಲೆಂಡರ್ ಎಂಬ ಎರಡು ತಂತ್ರಾಂಶಗಳು ಪೂರ್ತಿ ಉಚಿತ. ಅಳಗುಳಿ ಮಣೆ, ಚೌಕಾಬಾರದ ನಿಯಮ ಅಜ್ಜಿಗೆ ಗೊತ್ತಿರುತ್ತದೆ. ಅವನ್ನೇ ಕಂಪ್ಯೂಟರ್‌ಗೆ ತನ್ನಿ. ಇಚ್‌ನಲ್ಲಿ ಶುಲ್ಕವಿಲ್ಲದೆ ಇಡಿ. ಹತ್ತು ಜನ ಅಪರಿಚಿತರು ಆಡುತ್ತಾರೋ ನೋಡಿ. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟ್‌ಗಿಂತ ಹೆಚ್ಚು ಮಾತಾಡುವುದು ಆ ಮುಗಿದ ಆಟ.

ಎರಡನೆಯದು, ದೊಡ್ಡವರ ಜೊತೆ ಅವರ ಅಳತೆಯಲ್ಲೇ ಸ್ಪರ್ಧೆಗೆ ಇಳಿಯಬೇಡಿ. ಕೆನಡಾದ ಸಣ್ಣ ತಂಡವೊಂದು 2023ರಲ್ಲಿ ಮಾಡಿದ ‘ವೆಣ್ಬಾ’, ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಆಟ. ಇಡ್ಲಿ ಬೇಯಿಸುತ್ತಾ ಕಥೆ ಹೇಳುವ ಆ ಪುಟ್ಟ ಆಟ ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಪಡೆಯಿತು. ಪುಣೆಯ ತಂಡದ ‘ರಾಜಿ’ 2020ರಲ್ಲಿ ನಮ್ಮ ಪುರಾಣಗಳನ್ನು ಹೊರದೇಶದ ಆಟಗಾರರಿಗೆ ತಲುಪಿಸಿತು. ರಾಮನಗರದ ಪಕ್ಕದಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಮಾದಪ್ಪನ, ಮಂಟೇಸ್ವಾಮಿಯ ಕಥೆ ಹಾಡುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಇವನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲ ಸ್ಪರ್ಧಿ ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ.

ಮೂರನೆಯದು, ಅಂಗಡಿಯನ್ನು ಓದುವುದನ್ನು ಕಲಿಯಿರಿ. ಎಷ್ಟು ಪಾಲು, ಯಾವಾಗ ಪಾವತಿ, ವಾಪಸಾತಿ ನಿಯಮವೇನು ಎಂದು ಒಪ್ಪಂದ ಓದದೆ ಸಹಿ ಹಾಕಬೇಡಿ. ಎರಡು ಗಂಟೆಯ ವಾಪಸಾತಿ ನಿಯಮ ಕೊಳ್ಳುವವರಿಗೆ ವರ, ಒಂದೂವರೆ ಗಂಟೆಯ ಪುಟ್ಟ ಆಟ ಮಾಡಿದವರಿಗೆ ತಲೆನೋವು. ಆಡಿ ಮುಗಿಸಿಯೂ ದುಡ್ಡು ವಾಪಸ್ ಕೇಳಬಹುದಲ್ಲ! ಬಿಡುಗಡೆಗೆ ತಿಂಗಳುಗಳ ಮೊದಲೇ ಪುಟ ತೆರೆಯುವುದು, ಸ್ಟೀಮ್ ವರ್ಷಕ್ಕೆ ಮೂರು ಬಾರಿ ನಡೆಸುವ ‘ನೆಕ್ಸ್ಟ್ ಫೆಸ್ಟ್’ನಲ್ಲಿ ಮಾದರಿ ಆಟ ಇಡುವುದು, ಇವೂ ಆಟ ಕಟ್ಟುವಷ್ಟೇ ಮುಖ್ಯ ಕೆಲಸ. ಬಿ.ಕಾಂ., ಬಿಬಿಎ ಓದಿದವರಿಗೂ ಇಲ್ಲಿ ಕೆಲಸವಿದೆ ಎಂಬುದನ್ನು ನಮ್ಮ ಕಾಲೇಜುಗಳು ಹೇಳಬೇಕು.

ನಾಲ್ಕನೆಯದು ಸರ್ಕಾರದ ಪಾಲು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕರಕುಶಲ ನಿಗಮದ ‘ಕಾವೇರಿ’ ಮಳಿಗೆ ಇದೆ. ಅಗ್ಗದ ವಿದೇಶಿ ಆಟಿಕೆಗಳ ಹಾವಳಿ ತಡೆಯಲು ಕೇಂದ್ರ 2020ರಲ್ಲಿ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು. ಮರದ ಆಟಿಕೆ ಮಾಡುವವರಿಗೆ ಅಂಗಡಿಯೂ ರಕ್ಷಣೆಯೂ ಬೇಕು ಎಂದು ಒಪ್ಪಿದ ಸರ್ಕಾರ, ಪರದೆಯ ಆಟಿಕೆ ಮಾಡುವವರಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಒಪ್ಪಬೇಕು. ಮೊದಲ ಆಟದ ಶುಲ್ಕ ಭರಿಸುವುದು, ಜಿಲ್ಲಾ ಕೇಂದ್ರದಲ್ಲಿ ಒಳ್ಳೆಯ ಕಂಪ್ಯೂಟರ್ ಮತ್ತು ಫೈಬರ್ ಇರುವ ಒಂದು ಕೊಠಡಿ ಕೊಡುವುದು, ಒಪ್ಪಂದ ಓದಿ ಹೇಳುವ ವಕೀಲರ ನೆರವು ಒದಗಿಸುವುದು, ಇವು ಕೋಟಿಗಟ್ಟಲೆಯ ಬೇಡಿಕೆಗಳಲ್ಲ.

ಡಿಜಿಟಲ್ ಅಂಗಡಿ ನಮಗೆ ಕೊಟ್ಟಿರುವ ಅವಕಾಶ ನಿಜವಾದದ್ದು. ಎಸ್.ಪಿ. ರಸ್ತೆಗೆ ಹೋಗಿಬರುವ ಬಸ್ ಚಾರ್ಜ್ ಉಳಿಸಿದ್ದಷ್ಟೇ ಅಲ್ಲ, ಕನಕಪುರದಲ್ಲಿ ಕೂತು ಜಗತ್ತಿಗೆ ಮಾರುವ ದಾರಿಯನ್ನೂ ಅದು ತೆರೆದಿದೆ. ಆದರೆ ಆ ದಾರಿಯ ಸುಂಕದಕಟ್ಟೆ ಯಾರ ಕೈಯಲ್ಲಿದೆ ಎಂದು ತಿಳಿಯದೆ ಹೊರಟರೆ ಹೋದ ಶ್ರಮಕ್ಕೆ ಲೆಕ್ಕವೇ ಸಿಗುವುದಿಲ್ಲ. ಕೊಳ್ಳುವಾಗ ‘ಇದು ನನ್ನದಾಗುತ್ತದೆಯೇ?’ ಎಂದೂ, ಮಾಡುವಾಗ ‘ಇದರಲ್ಲಿ ನನಗೆಷ್ಟು ಉಳಿಯುತ್ತದೆ?’ ಎಂದೂ, ಕೆಲಸಕ್ಕೆ ಸೇರುವಾಗ ‘ಈ ಕಂಪನಿಯ ದುಡ್ಡು ಎಲ್ಲಿಂದ ಬರುತ್ತದೆ?’ ಎಂದೂ ಕೇಳೋಣ. ಈ ಮೂರು ಪ್ರಶ್ನೆ ಕೇಳಲು ಯಾವ ಕೋರ್ಸೂ ಬೇಕಿಲ್ಲ.